ಮಾತ್ರೆ ಬಿಡದಂತೆ ಕಾಯುವ ಲೋಲಾಕ್ಷಿ

ಗುತ್ತಿಗಾರಿನ ರಬ್ಬರ್ ತೋಟದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಣೆಗೆ ಟಾರ್ಚ್ ಕಟ್ಟಿಕೊಂಡ ಕುಕ್ಕಪ್ಪ ಮರದಿಂದ ಮರಕ್ಕೆ ಹೋಗಿ ತೊಗಟೆ ಗೀರುತ್ತಿದ್ದಾರೆ. ಕಾಲುದಾರಿ ಹತ್ತಿ ಬಂದ ಆಶಾ ಕಾರ್ಯಕರ್ತೆ ಲೋಲಾಕ್ಷಿ ಮೊದಲು ಅವರ ಚೂರಿ ಕೆಳಗಿಡಿಸುತ್ತಾರೆ. ಕಣ್ಣು ಮುಚ್ಚಲು ಹೇಳಿ, ಅಂಗೈಗೆ ಬಾಲ್‌ಪೆನ್ನಿನ ಮೊನೆ ಮುಟ್ಟಿಸುತ್ತಾರೆ. ಮುಟ್ಟಿದ್ದೆಲ್ಲಿ ಎಂದು ಅವರು ತೋರಿಸಬೇಕು. ಆಮೇಲೆ ಕುಕ್ಕಪ್ಪ ಹೊರಕ್ಕೆ ಚಾಚಿದ ಕಿರುಬೆರಳನ್ನು ಲೋಲಾಕ್ಷಿ ತಮ್ಮ ಬೆರಳಿನಿಂದ ಒಳಕ್ಕೆ ತಳ್ಳುತ್ತಾರೆ; ಅದು ಬಾಗದೆ ತಡೆಯಬೇಕು.

"ಎಂತ ಲೋಲಾಕ್ಷಿಯಕ್ಕ, ಬೆಳಗಾಗುವ ಮೊದಲೇ ಕುಸ್ತಿಗೆ ಬಂದ್ರಾ?"

"ಹೌದು. ನೀವು ಸೋತ್ರೆ ಸೀದಾ ಸುಳ್ಯದ ಆಸ್ಪತ್ರೆಗೆ."

ಕುಕ್ಕಪ್ಪನವರಿಗೆ (ಇದು ಅವರ ನಿಜವಾದ ಹೆಸರಲ್ಲ) ಕುಷ್ಠದ ಚಿಕಿತ್ಸೆ ನಡೆಯುತ್ತಿದೆ. ನೆರೆಹೊರೆಗೆ ತಿಳಿಯಬಾರದೆಂದು ಭೇಟಿ ತೋಟದಲ್ಲೇ. ಬೇರೆ ರೋಗಿಗಳ ಮನೆಗೆ ಹೋಗುವಾಗ ಲೋಲಾಕ್ಷಿ ಲಸಿಕೆಯ ಚೀಲ ಹಿಡಿದಿರುತ್ತಾರೆ. ನೋಡಿದವರು ಮಕ್ಕಳ ವಿಚಾರಕ್ಕೆ ಬಂದದ್ದೆಂದುಕೊಳ್ಳಲಿ ಎಂದು.

ಕಲ್ಲುಗುಂಡಿಯಿಂದ ಮದುವೆಯಾಗಿ ಬಂದ ಇವರು ಓದಿದ್ದು ಹತ್ತನೆಯವರೆಗೆ. ನರ ಮುಟ್ಟಿ ನೋಡಲು ಆಸ್ಪತ್ರೆಯ ಸಿಬ್ಬಂದಿಯೇ ಕಲಿಸಿದರು. ಕುಷ್ಠದ ಮಾತ್ರೆ ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ಸತ್ತ ರೋಗಾಣುಗಳ ಮೇಲೂ ದೇಹ ಯುದ್ಧ ನಿಲ್ಲಿಸದಿದ್ದರೆ ಮಚ್ಚೆ ಕೆಂಪೇರಿ, ನರ ಬಾತುಕೊಳ್ಳುತ್ತದೆ. ಬೇಗ ತಿಳಿದರೆ ಬಾವು ಇಳಿಸುವ ಮದ್ದಿದೆ. ತಡವಾದರೆ ನರದ ಬಲ ಹೋಗಿ ಬೆರಳು ಮಡಚಿದ್ದು ಮಡಚಿದಂತೆಯೇ.

ಕೆಲವು ತಿಂಗಳ ಹಿಂದೆ ಕುಕ್ಕಪ್ಪನವರಿಗೂ ಚಿಕಿತ್ಸೆಯ ನಡುವೆ ಮಚ್ಚೆಗಳು ಬಾತವು. ಮದ್ದು ಉಷ್ಣ ಎಂದು ತೀರ್ಮಾನಿಸಿದ ಅವರು ಮಾತ್ರೆ ಬಿಟ್ಟು, ತಂಪಿಗೆಂದು ಬೊಂಡದ ಎಳನೀರು ಕುಡಿದರು. ಮೊಣಕೈಯ ನರ ಬಾತು ಬಂದ ನೋವಿಗೆ ದಿನವಿಡೀ ಚೂರಿ ಹಿಡಿಯುವುದೇ ಕಾರಣವೆಂದುಕೊಂಡರು. ಮುಂದಿನ ತಿಂಗಳ ಮಾತ್ರೆ ಕೊಡಲು ಬಂದ ಲೋಲಾಕ್ಷಿಗೆ ಎಲ್ಲ ಸರಿಯುಂಟು ಎಂದೂ ಹೇಳಿದರು.

ಆದರೆ ಲೋಲಾಕ್ಷಿಯ ಕಣ್ಣು ಮರಗಳ ಮೇಲೆ ಬಿತ್ತು. ನುರಿತ ಕೈಯ ಗೀರು ಒಂದೇ ಓರೆಗೆ ಇಳಿಯುತ್ತದೆ, ತೊಗಟೆ ದಾಟಿ ಮರಕ್ಕೆ ಗಾಯ ಮಾಡುವುದಿಲ್ಲ. ಅಲ್ಲಿ ಗೀರುಗಳು ಸೊಟ್ಟಗಿದ್ದವು, ಕೆಲವು ಮರಗಳಿಗೆ ಗಾಯವಾಗಿತ್ತು. ಚೂರಿ ಮೊಂಡಾಗಿದೆ ಎಂದು ಕುಕ್ಕಪ್ಪ ನಕ್ಕರು. ಲೋಲಾಕ್ಷಿ ನಗಲಿಲ್ಲ.

"ಬೆರಳು ಚಾಚಿ ನೋಡುವ," ಎಂದರು.

ಕಿರುಬೆರಳು ಮುಟ್ಟುತ್ತಲೇ ಒಳಕ್ಕೆ ಬಾಗಿತು. ಅಂದೇ ಇಬ್ಬರೂ ಸುಳ್ಯದ ಬಸ್ಸು ಹತ್ತಿದರು. ದಾರಿಯಲ್ಲಿ ಕುಕ್ಕಪ್ಪ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕುಡಿದ ಮೇಲೆ ಲೋಲಾಕ್ಷಿ ಅದೇ ಮುಚ್ಚಳದಲ್ಲಿ ತಮಗೂ ಸುರಿದುಕೊಂಡರು. "ನನ್ನ ಮನೆಯಲ್ಲೇ ನನ್ನ ಲೋಟ ಬೇರೆ ಇಟ್ಟಿದ್ದೆ," ಎನ್ನುತ್ತಾರೆ ಕುಕ್ಕಪ್ಪ. ಬೇರೆ ಇಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ವೈದ್ಯರು ಬಾವು ಇಳಿಸುವ ಮಾತ್ರೆ ಕೊಟ್ಟು, ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಅದರ ಪ್ರಮಾಣ ಕಡಿಮೆ ಮಾಡುತ್ತ ಬಂದರು. ಕುಷ್ಠದ ಮಾತ್ರೆ ಜೊತೆಗೇ ಮುಂದುವರಿಯಿತು. ಕಿರುಬೆರಳ ತುದಿ ಈಗಲೂ ಜೋಮು. ಹಿಡಿತ ಮಾತ್ರ ಮರಳಿದೆ; ಈ ಮುಂಜಾವಿನ ಕುಸ್ತಿಯಲ್ಲಿ ಸೋತದ್ದು ಲೋಲಾಕ್ಷಿಯ ಬೆರಳು. ಕುಕ್ಕಪ್ಪ ಚೂರಿ ಎತ್ತಿಕೊಂಡು ಮುಂದಿನ ಮರಕ್ಕೆ ನಡೆಯುತ್ತಾರೆ.

ಈಚೆಗೆ ಲೋಲಾಕ್ಷಿ ಮೊದಲ ಮಾತ್ರೆಯ ದಿನವೇ ಎಲ್ಲರಿಗೂ ಬಾವಿನ ವಿಷಯ ಹೇಳಿಬಿಡುತ್ತಾರೆ. ನಿಮಗೆ ಏನಾಗಬೇಕು ಎಂದು ಕೇಳಿದರೆ ಮಾತನ್ನು ರೋಗಿಗಳತ್ತ ತಿರುಗಿಸುತ್ತಾರೆ.

"ನನಗೆಂತ ಆಗ್ಬೇಕು? ಮೈ ಬಾತ್ರೆ ಅದೇ ದಿನ ಫೋನ್ ಮಾಡ್ಲಿ. ನನ್ನನ್ನು ಬೈಯಲಿಕ್ಕಾದ್ರೂ ಸಾಕು, ಮಾಡ್ಲಿ. ಮಾತ್ರೆ ಬಿಟ್ಟು ಸುಮ್ಮನೆ ಕೂತ್ಕೊಳ್ಳುದು ಮಾತ್ರ ಬೇಡ."