ಅಳದ ಕೂಸಿಗೆ ಎಷ್ಟು ಅಂಕ

ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವವಳು ನರ್ಸು. ಬೀದಿಯವರೆಲ್ಲ ಕರೆಯುವುದು ಸಿಸ್ಟರಮ್ಮ ಎಂದೇ. ತಮ್ಮ-ತಂಗಿಯರನ್ನು ದಡ ಸೇರಿಸುವಷ್ಟರಲ್ಲಿ ಅವಳ ಮದುವೆಯ ವಯಸ್ಸು ದಾಟಿತ್ತು. ಅವರೋ, ದಡ ಸೇರಿದ ಮೇಲೆ ತಿರುಗಿ ನೋಡಿದವರಲ್ಲ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವಳಿಗೆ ಮಾತ್ರ ಕೋಪವೇ ಇಲ್ಲ. ಆಸ್ಪತ್ರೆಯಲ್ಲಿ ಹಸುಗೂಸುಗಳ ವಾರ್ಡು, ಅದು ಬಿಟ್ಟರೆ ಈ ಒಂದು ಕೋಣೆ. ಅಷ್ಟೇ ಅವಳ ಪ್ರಪಂಚ.

ಆ ವಾರ್ಡಿಗೂ ಕುತ್ತು ಬಂತು. ಕೂಸುಗಳ ನೋವನ್ನು ಅಳೆಯುವುದು ಹೇಗೆಂದು ಆನ್‌ಲೈನ್ ತರಬೇತಿಯಂತೆ, ಕೊನೆಗೊಂದು ಪರೀಕ್ಷೆಯಂತೆ. ಎರಡು ಸಲ ಫೇಲಾದವರನ್ನು ಚೀಟಿ ಬರೆಯುವ ಕೌಂಟರಿಗೆ ಹಾಕುತ್ತಾರಂತೆ. ಮೊದಲ ಸಲ ಇವಳು ಫೇಲಾದಳು. ವಿಡಿಯೋದಲ್ಲಿ ಒಂದು ಕೂಸು ಸದ್ದಿಲ್ಲದೆ ಮಲಗಿತ್ತು. ಜಾಣಮರಿ ಎಂದುಕೊಂಡು ನೋವಿಗೆ ಸೊನ್ನೆ ಹಾಕಿದ್ದಳು. ಅದು ಅತ್ತು ಅತ್ತು ಸೋತು ಸುಮ್ಮನಾದ ಕೂಸಾಗಿತ್ತು.

ಒಂದು ಸಂಜೆ, ನಲ್ಲಿ ನಿಲ್ಲಿಸದೆ ಬಿಟ್ಟಿದ್ದಾಳೆಂದು ಬೈಯಲು ಮೇಲೆ ಹೋದೆ. ಕನ್ನಡಿಯ ಮುಂದೆ ನಿಂತಿದ್ದಳು. ಹುಬ್ಬು ಗಂಟಿಕ್ಕಿದೆ, ಕಣ್ಣು ಬಿಗಿಯಾಗಿ ಮುಚ್ಚಿದೆ, ಬಾಯಿ ಅಗಲವಾಗಿ ತೆರೆದಿದೆ, ಸದ್ದು ಮಾತ್ರ ಇಲ್ಲ. ನನ್ನ ಜೀವ ಬಾಯಿಗೆ ಬಂತು.

"ಏನಾಯ್ತೇ? ಎದೆ ನೋವಾ?"

"ಇಲ್ಲ ಅಕ್ಕ, ಓದ್ಕೋತಿದೀನಿ," ಎಂದು ನಕ್ಕಳು. ಆಮೇಲೆ ನಗು ನಿಂತಿತು. "ಈ ಸಲಾನೂ ಫೇಲಾದ್ರೆ ಆ ಕೂಸುಗಳೂ ಇಲ್ಲ ನಂಗೆ."

"ಅಳದಿದ್ರೆ ಹೆತ್ತ ತಾಯಿನೂ ಹಾಲು ಕೊಡಲ್ಲ ಅಂತಾರೆ. ಬಾಯಿ ಬಿಡದೆ ಇರೋರ ನೋವು ಯಾರಿಗೆ ಕಾಣತ್ತೆ?"

"ಮುಖದಲ್ಲಿ ಕಾಣತ್ತಂತೆ ಅಕ್ಕ. ನೀವು ಮಾಡಿ ತೋರ್ಸಿ, ನಾನು ಅಂಕ ಹಾಕ್ತೀನಿ."

ಅಂದಿನಿಂದ ಸಂಜೆಯಾದರೆ ಅವಳು ಕೆಳಗಿಳಿದು ಬರುತ್ತಿದ್ದಳು. ಅಡುಗೆಮನೆಯ ದೀಪದ ಕೆಳಗೆ ಕೂತು ನಾನು ಹಸುಗೂಸಾಗುತ್ತಿದ್ದೆ. ಕೋಲು ಹಿಡಿಯುವ ವಯಸ್ಸಿನಲ್ಲಿ ಇದೇನು ಕೋತಿಚೇಷ್ಟೆ ಎಂದು ಗೊಣಗುತ್ತಲೇ ಹುಬ್ಬು ಗಂಟಿಕ್ಕುತ್ತಿದ್ದೆ, ಗದ್ದ ನಡುಗಿಸುತ್ತಿದ್ದೆ. ಬರೀ ಸೋಗು ಎಂದು ಅವಳು ಅಂಕ ಕಡಿಮೆ ಮಾಡಿದರೆ ಜಗಳಕ್ಕೇ ಬೀಳುತ್ತಿದ್ದೆ. ಗಂಡ ಹೋದ ಮೇಲೆ ಆ ಅಡುಗೆಮನೆಯಲ್ಲಿ ಇಬ್ಬರ ಮಾತು ಕೇಳಿದ್ದು ಆಗಲೇ.

ಅವಳು ಪಾಸಾದಳು. ವಾರ್ಡು ಉಳಿಯಿತು. ಬಾಗಿಲಲ್ಲೇ ನಿಂತು ಹೇಳಿ, ಕೆಲಸಕ್ಕೆ ಹೊತ್ತಾಯಿತೆಂದು ಓಡಿದಳು. ಆಮೇಲೆ ಕೆಳಗೆ ಬಂದು ಕೂರಲು ಅವಳಿಗೆ ಕಾರಣವಿರಲಿಲ್ಲ. ಕರೆಯಲು ನನಗೆ ಬಾಯಿ ಬರಲಿಲ್ಲ. ಬೀದಿಗೆ ಬೀದಿಯನ್ನೇ ಬೈಯುವ ಬಾಯಿ ಇದು, ಬಾ ಎನ್ನಲು ಮಾತ್ರ ಬರಲಿಲ್ಲ. ನಲ್ಲಿಯನ್ನಾದರೂ ಬಿಟ್ಟಿರಬಾರದೇ ಎಂದು ಸಂಜೆಯೆಲ್ಲ ಕಿವಿಗೊಟ್ಟು ಕೂರುತ್ತಿದ್ದೆ.

ಮೊನ್ನೆ ಮೆಟ್ಟಿಲ ಬಳಿ ಸಿಕ್ಕಳು.

"ಚೆನ್ನಾಗಿದೀರಾ ಅಕ್ಕ?"

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

ದಾಟಿ ಹೋದವಳು ತಿರುಗಿ ಬಂದಳು. ನನ್ನ ಮುಖವನ್ನೇ ನೋಡುತ್ತ ನಿಂತಳು. ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು.

"ಪರೀಕ್ಷೆ ಮುಗೀತಲ್ಲ ಅಕ್ಕ. ಮುಖ ಯಾಕೆ ಇನ್ನೂ ಹಾಗೆ ಮಾಡ್ತಿದೀರಿ?"

"ನಾನೇನೂ ಮಾಡ್ತಿಲ್ಲ ಕಣೇ," ಎಂದೆ.