ದುರ್ಗಕ್ಕನ ಬಚ್ಚಲ ಕಿಟಕಿ

ಐವತ್ತೆಂಟು ವರ್ಷದ ದುರ್ಗಕ್ಕ ಒಂದು ದಿನವೂ ಬೆಳಕಿನಲ್ಲಿ ಸ್ನಾನ ಮಾಡಿದವಳಲ್ಲ. ಚಿಕ್ಕಂದಿನಲ್ಲಿ ಹಿತ್ತಲಲ್ಲಿ ಹಳೇ ಸೀರೆ ಕಟ್ಟಿದ ಮರೆ, ಮದುವೆಯಾದ ಮೇಲೆ ಆರು ಮನೆಗೆ ಒಂದೇ ಬಚ್ಚಲು. ಎರಡು ಕಡೆಯೂ ನಸುಕಿಗೇ ಎದ್ದು, ಉಟ್ಟ ಸೀರೆಯ ಮೇಲೆಯೇ ನಾಲ್ಕು ತಂಬಿಗೆ ನೀರು ಸುರುವಿಕೊಂಡು, ಬೇರೆಯವರು ಏಳುವಷ್ಟರಲ್ಲಿ ಒಳಗೆ ಓಡಿಬಿಡಬೇಕು. "ನಿನ್ನ ಎಡಪಕ್ಕಿ ಮ್ಯಾಲೆ ಹುಣಸಿ ಬೀಜದಂಥ ಮಚ್ಚಿ ಐತಿ, ಸ್ವಂತ ಮನಿ ಕಟ್ಟಸ್ತೀ ನೋಡು" ಎಂದು ಅವ್ವ ಹೇಳುತ್ತಿದ್ದಳು. ಮನೆಯೇನೋ ಕಟ್ಟಿಸಿದಳು, ಮಚ್ಚೆಯನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಸಂಡೂರಿನ ಅದಿರು ಕಂಪನಿಯೊಂದರ ಗೆಸ್ಟ್ ಹೌಸಿನಲ್ಲಿ ಅವಳು ಇಪ್ಪತ್ತೇಳು ವರ್ಷ ಕಸ ಹೊಡೆದಳು, ಗಾಜು ಒರೆಸಿದಳು. ಲಾರಿ ಓಡುವ ರಸ್ತೆಯ ಕೆಂಪು ಧೂಳು, ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಹಾಜರು. "ಧೂಳಿಗೆ ಸಂಬಳ ಇಲ್ಲ, ರಜಾನೂ ಇಲ್ಲ" ಎನ್ನುತ್ತಿದ್ದಳು. ಆದರೂ ಅವಳು ಒರೆಸಿದ ಗಾಜಿನಲ್ಲಿ ಸಾಹೇಬರು ಮುಖ ನೋಡಿಕೊಂಡು ತಲೆ ಬಾಚುತ್ತಿದ್ದರು. ಅದು ಅವಳ ಹೆಮ್ಮೆ. ಅವಳು ಕೆಲಸ ಬಿಡುವ ವರ್ಷ ಅಲ್ಲಿ ಅಲ್ಯೂಮಿನಿಯಂ ಕಿಟಕಿ ಕೂರಿಸಿದರು. ಕಿತ್ತು ಹಾಕಿದ ಹಳೆಯವುಗಳಲ್ಲಿ ಒಂದನ್ನು ಬೇಡಿ ತಂದು, ತನ್ನ ಎರಡು ಕೋಣೆಯ ಹೊಸ ಮನೆಯ ಬಚ್ಚಲಿಗೆ ಹಾಕಿಸಿದಳು.

ಎಡವಟ್ಟಾದದ್ದು ಅಲ್ಲೇ. ಗಾಜು ತಿಳಿನೀರಿನಂತಿತ್ತು, ಕಿಟಕಿ ಅದೇ ಅದಿರು ಲಾರಿಗಳ ರಸ್ತೆಗೆ ಮುಖ. ಮನೆ ಕಟ್ಟಿದ ಗೌಂಡಿ ಮೂಕಣ್ಣ ಅದನ್ನು ಆಳೆತ್ತರದ ಮೇಲೆ ಕೂರಿಸಿದ್ದರಿಂದ ನಡೆದುಹೋಗುವವರಿಗೆ ಏನೂ ಕಾಣುತ್ತಿರಲಿಲ್ಲ, ನಿಜ; ಆದರೆ ಲಾರಿಯ ಡ್ರೈವರು ಕೂರುವುದೂ ಅಷ್ಟೇ ಎತ್ತರದಲ್ಲಿ. ಸ್ವಂತ ಬಚ್ಚಲಿದ್ದೂ ದುರ್ಗಕ್ಕನಿಗೆ ನಸುಕಿಗೆ ಏಳುವುದು ತಪ್ಪಲಿಲ್ಲ. ಹಗಲಲ್ಲಿ, ಅವಸರವಿಲ್ಲದೆ, ಮೈಮೇಲೆ ಬಟ್ಟೆಯಿಲ್ಲದೆ ಒಮ್ಮೆ ಸ್ನಾನ ಮಾಡಬೇಕು, ಅವಳ ಆಸೆ ಇಷ್ಟೇ. ಅದಕ್ಕೊಂದು ಪರದೆ ಬೇಕಾಗಿತ್ತು.

ತಂಗಿಯ ಮಗಳು ತ್ರಿವೇಣಿಯನ್ನು ಕರೆದುಕೊಂಡು ಹೊಸಪೇಟೆಯ ಬಸ್ಸು ಹತ್ತಿದಳು. ಪರದೆ ಅಂಗಡಿಯ ಮುರುಗೇಶ್ ಹೂವಿನದು, ಬಳ್ಳಿಯದು, ಚಿಟ್ಟೆಯದು ಎಂದು ಹರವುತ್ತಲೇ ಹೋದ. ದುರ್ಗಕ್ಕ ಹೂವು ನೋಡಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ತ್ರಿವೇಣಿಯನ್ನು ನಿಲ್ಲಿಸಿ, ಮುಂದೆ ಬಟ್ಟೆ ಹಿಡಿಸಿ, ಅದರ ಹಿಂದೆ ಬೆರಳು ಎತ್ತು ಎಂದಳು.

"ಮೂರು. ಕಾಣ್ತಾವು. ಬ್ಯಾಡ, ತಗಿ."

"ಅಕ್ಕಾರ, ಬಚ್ಚಲ ಕಿಟಕಿಗೆ ಇಷ್ಟ್ಯಾಕ್ರಿ? ಯಾರು ಬಂದು ಬೆರಳು ಎಣಸ್ತಾರ?" ಮುರುಗೇಶ್ ನಕ್ಕ.

"ನಿನಗ ತಿಳ್ಯಂಗಿಲ್ಲಪ್ಪ. ಇನ್ನೂ ದಪ್ಪಂದು ತೋರಸು."

"ದೊಡ್ಡವ್ವ, ಕೈ ಸೋತು ಹೋತು" ಎಂದಳು ಬಟ್ಟೆಯ ಹಿಂದಿನಿಂದ ತ್ರಿವೇಣಿ.

ಹನ್ನೊಂದನೆಯ ಬಟ್ಟೆಗೆ ಬೆರಳಷ್ಟೇ ಅಲ್ಲ, ತ್ರಿವೇಣಿಯೇ ಮಾಯವಾದಳು. ಕಂಬಳಿಯಷ್ಟು ದಪ್ಪ, ಧೂಳು ಕೂತರೂ ತಿಳಿಯದ ಕಂದು ಬಣ್ಣ. ದುರ್ಗಕ್ಕನ ಮುಖ ಅರಳಿತು.

ಮರುದಿನ ಹತ್ತು ಗಂಟೆಗೆ ಪರದೆ ಎಳೆದು ಚಿಲಕ ಹಾಕಿದಳು. ಬಚ್ಚಲು ಕಗ್ಗತ್ತಲಾಯಿತು. ತಡವರಿಸಿ ತಂಬಿಗೆ ಹುಡುಕಿದಳು. ಕತ್ತಲು ಕಂಡ ಕೈ ತನ್ನ ರೂಢಿಯಂತೆ ಉಟ್ಟ ಸೀರೆಯ ಮೇಲೆಯೇ ನೀರು ಸುರುವಿಬಿಟ್ಟಿತು. ಹೊರಬಂದು ಒದ್ದೆ ಸೀರೆಯಲ್ಲೇ ಹಿತ್ತಲ ಕಟ್ಟೆಯ ಮೇಲೆ ಕೂತಳು. ಅಳು ಬಂತು.

ಪಕ್ಕದ ಮನೆಯ ಭರಮಮ್ಮ ನೋಡಿ ಓಡಿ ಬಂದಳು. "ಯಾಕ ದುರ್ಗಕ್ಕ, ಏನಾತು?"

"ನಸುಕಿನ ಕತ್ತಲನ್ನ ರೊಕ್ಕ ಕೊಟ್ಟು ಹೊಸಪ್ಯಾಟಿಂದ ತಂದೀನವ್ವ."

"ಲೈಟ್ ಹಾಕ್ಕೋಬೇಕಿಲ್ಲ?"

"ಲೈಟು ಹಗಲಾಗ್ತೈತೇನು?"

ಭರಮಮ್ಮ ಒಳಗೆ ಹೋಗಿ ಪರದೆ ಸರಿಸಿ ಗಾಜು ನೋಡಿದಳು. "ಈ ಓಣ್ಯಾಗ ಯಾರ ಬಚ್ಚಲಕ್ಕ ಪರದಿ ಐತಿ ಹೇಳು? ಧೂಳು ಕುಂತು ಗಾಜು ತಾನ ಮಬ್ಬಾಗ್ತೈತಿ. ಬೆಳಕು ಬರ್ತೈತಿ, ಮನಷಾರು ಕಾಣಂಗಿಲ್ಲ. ನೀನು ದಿನಾ ಒರಸಿದರ ಆ ಧೂಳರ ಏನು ಮಾಡ್ಬೇಕು?"

ದುರ್ಗಕ್ಕನಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಮನಿ ಗಾಜು ನಾನು ಹೊಲಸು ಬಿಡ್ಲೇನು?"

ಆದರೂ ಅಂದು ಸಂಜೆ ಪರದೆ ಬಿಚ್ಚಿ ಟ್ರಂಕಿನ ಮೇಲೆ ಹೊದಿಸಿದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ; ಇಪ್ಪತ್ತೇಳು ವರ್ಷ ಸಂಬಳಕ್ಕೆ ಕಲಿತ ಗುಣವೂ ಸುಲಭಕ್ಕೆ ಹೋಗುವುದಿಲ್ಲ. ಮೂರನೆಯ ದಿನ ಒರೆಸುವ ಬಟ್ಟೆ ಹಿಡಿದು ಕಿಟಕಿಯ ತನಕ ಹೋಗಿಬಿಟ್ಟಿದ್ದಳು. ತಿರುಗಿ ಬಂದು ಅಡುಗೆಮನೆಯ ಗಾಜನ್ನೇ ಎರಡು ಸಲ ಒರೆಸಿದಳು. ಕೊನೆಗೆ ಆ ಬಟ್ಟೆಯನ್ನು ಭರಮಮ್ಮನ ಕೈಗೆ ಕೊಟ್ಟು, "ನಾ ಕೇಳಿದ್ರೂ ಕೊಡಬ್ಯಾಡ" ಎಂದಳು.

ಲಾರಿಗಳು ಓಡಿದವು. ಹದಿನೈದು ದಿನಕ್ಕೆ ಗಾಜಿನಾಚೆಯ ರಸ್ತೆ ಅಳಿಸಿಹೋಯಿತು. ಭರಮಮ್ಮನನ್ನು ಹೊರಗೆ ಸ್ಟೂಲಿನ ಮೇಲೆ ನಿಲ್ಲಿಸಿ, ಒಳಗೆ ತಾನೇ ಸ್ಟೂಲು ಹತ್ತಿ ಬೆರಳು ಎತ್ತಿದಳು.

"ಎಷ್ಟು?"

"ಬೆರಳೂ ಇಲ್ಲ, ನೀನೂ ಇಲ್ಲ. ಜಳಕ ಮಾಡು ಹೋಗು!"

ಹತ್ತು ಗಂಟೆಯ ಬಿಸಿಲು ಧೂಳಿನಲ್ಲಿ ಸೋಸಿ ಬಂದು ಬಚ್ಚಲ ತುಂಬ ಕೆಂಪಗೆ ನಿಂತಿತ್ತು. ದುರ್ಗಕ್ಕ ಸೀರೆಯನ್ನು ಮೊಳೆಗೆ ಹಾಕಿದಳು. ಹೊರಗೊಂದು ಲಾರಿ ಗುಡುಗುತ್ತ ಬಂತು. ಗಕ್ಕನೆ ಸೀರೆಗೆ ಕೈ ಹಾಕಿ, ಆಮೇಲೆ ಬಿಟ್ಟಳು. ಲಾರಿ ಹೋಯಿತು. ಎಡಗೈ ಎತ್ತಿ ಪಕ್ಕೆ ನೋಡಿಕೊಂಡಳು. ಮಚ್ಚೆ ಅಲ್ಲೇ ಇತ್ತು, ಅವ್ವ ಹೇಳಿದಂತೆ ಹುಣಸೆ ಬೀಜದಷ್ಟೇ. ಬಕೆಟ್ಟಿನ ಬಿಸಿನೀರು ಆರುವ ತನಕ ಅದನ್ನೇ ನೋಡುತ್ತ ನಿಂತಿದ್ದಳು.