ಮಾನ್‌ಮೋಯ್ ಅಜ್ಜಿ ಸುಟ್ಟ ವಂಶಾವಳಿ

ನಮ್ಮೂರು ಮೀನುಂಗಿನಲ್ಲಿ ಅಕ್ಷರವೆಂದರೆ ದೇವರು, ಅದಿರುವ ಕಾಗದವನ್ನು ಯಾರೂ ಕಸಕ್ಕೆ ಹಾಕುವುದಿಲ್ಲ. ಉಪ್ಪಿನ ಪೊಟ್ಟಣದ ಚೂರಾದರೂ ಸರಿ, ಬಾಗಿಲ ಬಳಿ ಮೊರದಲ್ಲಿಟ್ಟರೆ ಮಾನ್‌ಮೋಯ್ ಅಜ್ಜಿ ಬಂದು ಒಯ್ಯುತ್ತಿದ್ದಳು. ಹೆಗಲ ಮೇಲೆ ಬಿದಿರಿನ ಅಡ್ಡೆ, ಎರಡು ತುದಿಗೆ ಎರಡು ಬುಟ್ಟಿ. ಹೊಳೆದಂಡೆಯ ಆರು ಮೂಲೆಯ ಇಟ್ಟಿಗೆ ಗೋಪುರದಲ್ಲಿ ಎಲ್ಲವನ್ನೂ ಸುಟ್ಟು, ವರ್ಷಕ್ಕೊಮ್ಮೆ ಬೂದಿಯನ್ನು ಹೊಳೆಗೆ ಬಿಡುತ್ತಿದ್ದಳು. ಗಂಡ ಮಾಡುತ್ತಿದ್ದ ಸೇವೆ. ಅವನು ಸತ್ತ ಮೇಲೆ ಮೂವತ್ತೊಂದು ವರ್ಷ ಇವಳದೇ. ಹೆಬ್ಬೆಟ್ಟಿನ ಹೆಂಗಸು, ಒಂದಕ್ಷರ ಬಾರದು. ಆದರೂ ಕಾಗದ ಮುಟ್ಟುವ ಮುಂಚೆ ನೀಲಿ ಅಂಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು.

"ಓದಕ್ಕೆ ಬರಲ್ಲ, ಅದಕ್ಕೇ ಅಲ್ವೇನೇ ಹೆದರ್ಕೊಂಡು ಮುಟ್ಟೋದು" ಎನ್ನುತ್ತಿದ್ದಳು.

ಅಂಥವಳ ತಲೆಗೆ ನಾನು ಕಟ್ಟಿದ ಪಾಪವನ್ನು ಕೇಳಿ. ಆರನೆಯ ತಿಂಗಳ ಆರನೆಯ ದಿನ ಬಟ್ಟೆಬರೆ, ಪುಸ್ತಕ ಎಲ್ಲವನ್ನೂ ಬಿಸಿಲಿಗೆ ಹಾಕುತ್ತೇವೆ. ಆ ವರ್ಷ ನಾನು ಚುಂಗ್ ಮನೆತನಕ್ಕೆ ಸೊಸೆಯಾಗಿ ಬಂದು ನಾಲ್ಕೇ ತಿಂಗಳಾಗಿತ್ತು. ಮನೆತನದ ಹಿರಿಯರಾದ ದೊಡ್ಡಮಾವ ಫುಕ್‌ಲಿನ್, ಹುಳು ಹಿಡಿದು ಹಾಳೆ ಬಿಡಿಬಿಡಿಯಾಗಿದ್ದ ವಂಶಾವಳಿಯನ್ನು ನನ್ನ ಕೈಗಿಟ್ಟು "ಜೋಪಾನ ಕಣಮ್ಮ" ಎಂದರು. ಇಪ್ಪತ್ತೊಂದು ತಲೆಮಾರಿನ ಹೆಸರು, ಬೇರೆ ಪ್ರತಿಯಿಲ್ಲ. ಮಂಕು ಬಡಿದವಳು ನಾನು, ಸಿಕ್ಕ ಮೊರದಲ್ಲಿ ಹಾಳೆಗಳನ್ನು ಹರಡಿ ಬಾಗಿಲ ಬಳಿಯೇ ಇಟ್ಟೆ. ಒಲೆಯ ಮೇಲೆ ಗಂಜಿ ಉಕ್ಕಿತೆಂದು ಒಳಗೆ ಓಡಿದೆ. ಗಂಜಿ ಇಳಿಸಿ, ಒಲೆ ಒರೆಸಿ, ಪಾತ್ರೆ ತಿಕ್ಕಿ ಹೊರಬರುವಷ್ಟರಲ್ಲಿ ಮೊರ ಖಾಲಿ. ಹೊಳೆಯ ಕಡೆ ಹೊಗೆ ಏಳುತ್ತಿತ್ತು.

ಪೂರ್ವಜರ ಪಡಸಾಲೆಯಲ್ಲಿ ದೊಡ್ಡಮಾವ ಕೂಗಾಡಿದರು. "ಇಷ್ಟು ವರ್ಷ ಕಾಗದ ಹೊತ್ತೆ. ಯಾವ್ದು ಕಸ, ಯಾವ್ದು ವಂಶ ಅಂತ ತಿಳೀಲಿಲ್ವಾ ನಿಂಗೆ?"

ಅಜ್ಜಿ ಅವರ ಮಲತಾಯಿಯ ಮಗನ ಹೆಂಡತಿ. ಮೊರ ಅಲ್ಲಿಗೆ ಹೇಗೆ ಬಂತೆಂದು ಅವಳು ಕೇಳಲಿಲ್ಲ. "ತಪ್ಪಾಯ್ತು ಭಾವ" ಎಂದಳು, ಅಷ್ಟೆ. ದೊಡ್ಡಮಾವ ಅವಳ ಬುಟ್ಟಿಗಳನ್ನು ಕಿತ್ತುಕೊಂಡು ಗೋಡೆಯ ಮೊಳೆಗೆ ನೇತುಹಾಕಿ, ಇನ್ನು ಮುಟ್ಟಕೂಡದೆಂದರು. ಮಕ್ಕಳಿಲ್ಲದ ಅವಳಿಗೆ ಆ ಬುಟ್ಟಿ ಬಿಟ್ಟರೆ ಬೇರೆ ಬದುಕೇ ಇರಲಿಲ್ಲ. ನಾನೋ, ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಥೂ, ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಮೂರನೆಯ ದಿನ ಬೆಳಗ್ಗೆ ಅಜ್ಜಿ ಪಡಸಾಲೆಗೆ ಬಂದು ನೆಲದ ಮೇಲೆ ಕೂತಳು.

"ಭಾವ, ಕುಂಚ ತಗೋ. ಸುಟ್ಟಿದ್ದನ್ನ ಹೇಳ್ತೀನಿ, ಬರ್ಕೋ."

"ತಲೆ ಕೆಟ್ಟಿದ್ಯಾ ನಿಂಗೆ?"

"ಐವತ್ತು ವರ್ಷ ಹೊಸ ವರ್ಷದ ಪೂಜೇಲಿ ನೀನು ಇಲ್ಲಿ ಓದ್ತಿದ್ದೆ. ನಾನು ಗೋಡೆ ಹಿಂದೆ ಕೋಳಿ ಪುಕ್ಕ ಕೀಳ್ತಿದ್ದೆ. ಕೈಗೆ ಕೆಲ್ಸ ಇತ್ತು, ಕಿವಿಗೇನಿತ್ತು?"

ಕಣ್ಣು ಮುಚ್ಚಿ ಶುರುಮಾಡಿದಳು. ಮನೆತನದ ಮೊದಲಿನವನು, ಅವನ ನಾಲ್ಕು ಗಂಡುಮಕ್ಕಳು, ಯಾರ ಸಮಾಧಿ ಯಾವ ಗುಡ್ಡದಲ್ಲಿ, ಗುಡ್ಡದ ಯಾವ ಮಗ್ಗುಲಲ್ಲಿ. ದೊಡ್ಡಮಾವ ನಡುವೆ ತಡೆದು ಪರೀಕ್ಷಿಸಿದರು: "ಹನ್ನೆರಡನೇ ತಲೆಮಾರು, ಮೂರನೇ ಮಗ?"

"ಮದ್ವೆಗೆ ಮುಂಚೇನೇ ಹೋದ. ಅಲ್ಲಿಗೆ ಬಂದಾಗೆಲ್ಲ ನೀನು ಕೆಮ್ತೀಯ."

ಅಬ್ಬಾ! ಆ ಸಣಕಲು ದೇಹದೊಳಗೆ ಇಪ್ಪತ್ತೊಂದು ತಲೆಮಾರು ಉಸಿರಾಡುತ್ತಿತ್ತು. ತಡೆಯಲಾರದೆ ಅವಳ ಕಾಲ ಬಳಿ ಕುಸಿದೆ. "ಮೊರದಲ್ಲಿ ಇಟ್ಟೋಳು ನಾನು ಅಜ್ಜಿ, ನಾನೇ."

"ಗೊತ್ತು ಕಣೇ. ಆ ಮನೇಲಿ ಮೊರ ಬಾಗಿಲಿಗಿಡೋಳು ನೀನಲ್ದೆ ನಿನ್ ಮಾವನಾ? ಎದ್ದೇಳು, ಮರ್ತೋಗತ್ತೆ."

ದೊಡ್ಡಮಾವ ನನ್ನನ್ನು ಒಮ್ಮೆ ನೋಡಿದರು. ಬೈಯಲು ಬಾಯಿ ತೆರೆದವರು ಮತ್ತೆ ಕುಂಚ ಅದ್ದಿದರು.

ಮರುದಿನ ಸಂಜೆಗೆ ಗಂಡಸರ ಹೆಸರು ಮುಗಿಯಿತು. ಅವರು ಕುಂಚ ತೊಳೆಯಲು ಹೋದರೆ ಅಜ್ಜಿ, "ಕೂತ್ಕೋ, ಇನ್ನು ಹೆಂಗಸರದ್ದು" ಎಂದಳು.

"ಅವರ ಹೆಸರು ಎಲ್ಲಿತ್ತು? ಇಂಥಾ ಮನೆತನದ ಹೆಣ್ಣು ಅಂತ ತೌರಿನದ್ದು ಮಾತ್ರ ಇತ್ತಲ್ಲ."

"ನಿನ್ ಪುಸ್ತಕದಲ್ಲಿರ್ಲಿಲ್ಲ. ಅಡುಗೆಮನೇಲಿತ್ತು. ಅತ್ತೆ ಸೊಸೆಗೆ ಹೇಳ್ತಿದ್ಲು."

ಆರು ತಲೆಮಾರು ಹಿಂದಿನಿಂದ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದಳು. ದೊಡ್ಡಮಾವ ತಲೆಯೆತ್ತದೆ ಬರೆದುಕೊಂಡರು. ಕೊನೆಗೆ ಅಜ್ಜಿ ಅವರತ್ತ ತಿರುಗಿದಳು.

"ನಿನ್ನ ಹೆತ್ತೋಳು. ಲ್ಯೂ ಮನೆ ಹುಡುಗಿ. ನ್ಯುಕ್‌ಶಿಮ್."

ಅವರಿಗೆ ಎಂಟು ತಿಂಗಳಾಗಿದ್ದಾಗ ತೀರಿಕೊಂಡ ತಾಯಿ. ಈ ಎಪ್ಪತ್ತಾರರ ವಯಸ್ಸಿನವರೆಗೂ 'ಲ್ಯೂ ಮನೆತನದ ಹೆಣ್ಣು' ಎಂದಷ್ಟೇ ಓದಿ ಕೈಮುಗಿದವರು.

"ಇನ್ನೊಂದ್ಸಲ ಹೇಳು."

"ನ್ಯುಕ್‌ಶಿಮ್."

ಬರೆದರು. ಕುಂಚ ಒತ್ತಿದ್ದು ಹೆಚ್ಚಾಗಿ ಮಸಿ ಹರಡಿತು, ಹಾಳೆ ಕೆಟ್ಟಿತು. ಇನ್ನೊಂದು ಹಾಳೆ ತೆಗೆದುಕೊಂಡು ಉಸಿರು ಬಿಗಿಹಿಡಿದು ಮತ್ತೆ ಬರೆದರು. ಆಮೇಲೆ ಎದ್ದು ಮೊಳೆಯಿಂದ ಬುಟ್ಟಿಗಳನ್ನು ಇಳಿಸಿ, ಅಂಗಿಗೆ ಕೈ ಒರೆಸಿಕೊಂಡು, ಕೆಟ್ಟ ಹಾಳೆಯನ್ನು ಮಡಿಸಿ ಒಂದರಲ್ಲಿ ಹಾಕಿದರು. ಬುಟ್ಟಿಗಳನ್ನು ಅಜ್ಜಿಯ ಮುಂದಿಟ್ಟು ಹೇಳಿದರು:

"ಹುಷಾರಾಗಿ ಹೊತ್ಕೊಂಡು ಹೋಗಮ್ಮ. ನಮ್ಮವ್ವ ಇದಾಳೆ."